ಓದುಗರ ಪ್ರಶ್ನೆ, ತಜ್ಞರ ಉತ್ತರ: ರಿಪೀಟರಿನ ದನಿ ಕೆಟ್ಟರೆ ಹುಡುಕುವುದೆಲ್ಲಿ?

ಹ್ಯಾಮ್ ರೇಡಿಯೋ ಓದುಗರಿಂದ ಈ ಸಲ ಬಂದ ಪ್ರಶ್ನೆಗಳಲ್ಲಿ ಬಹುಪಾಲು ರಿಪೀಟರಿನ ಆಡಿಯೋ ವೈರಿಂಗಿಗೆ ಸಂಬಂಧಿಸಿದವು. ರಿಪೀಟರ್ ಎಂದರೆ ಒಂದು ಆವರ್ತನದಲ್ಲಿ ಬಂದ ಸಿಗ್ನಲನ್ನು ಹಿಡಿದು ಇನ್ನೊಂದರಲ್ಲಿ ಮತ್ತೆ ಪ್ರಸಾರ ಮಾಡುವ ಸ್ಟೇಷನ್. ಲಕ್ಷಣಗಳು ಬೇರೆ ಬೇರೆ. ಆದರೂ ಹೆಚ್ಚಿನ ಪತ್ರಗಳಲ್ಲಿ ಒಂದೇ ಮಾತಿದೆ: ಪ್ರೀಸೆಟ್ ತಿರುಗಿಸಿ ನೋಡಿದೆವು, ಸರಿಹೋಗಲಿಲ್ಲ. ಪ್ರೀಸೆಟ್ (ಸ್ಕ್ರೂಡ್ರೈವರಿನಿಂದ ತಿರುಗಿಸುವ ಚಿಕ್ಕ ಹೊಂದಾಣಿಕೆ ರೆಸಿಸ್ಟರ್) ದನಿಯ ಮಟ್ಟವನ್ನಷ್ಟೇ ಏರಿಸಿ ಇಳಿಸುತ್ತದೆ. ತಪ್ಪು ಪಿನ್ನಿಗೆ ಹೋದ ತಂತಿಯನ್ನಾಗಲಿ, ಎರಡು ದಾರಿ ಹಿಡಿದ ಗ್ರೌಂಡನ್ನಾಗಲಿ ಅದು ತಿದ್ದಲಾರದು. ಆದ್ದರಿಂದ ಕೆಳಗಿನ ಉತ್ತರಗಳಲ್ಲಿ ಅಳತೆ ಮೊದಲು, ಸ್ಕ್ರೂಡ್ರೈವರ್ ಕೊನೆಗೆ.

ಪ್ರಶ್ನೆ: ಎರಡು ಮೊಬೈಲ್ ಸೆಟ್ ಜೋಡಿಸಿ ರಿಪೀಟರ್ ಮಾಡಿದ್ದೇವೆ. ರಿಸೀವರ್ ಸೆಟ್ಟಿನ ಹಿಂದಿನ 6 ಪಿನ್ ಡೇಟಾ ಸಾಕೆಟ್ಟಿನಲ್ಲಿ 4ನೇ ಪಿನ್ನಿನಿಂದ ಆಡಿಯೋ ತೆಗೆದು ಟ್ರಾನ್ಸ್‌ಮಿಟರ್ ಸೆಟ್ಟಿನ ಮೈಕ್ ಪಿನ್ನಿಗೆ ಕೊಟ್ಟಿದ್ದೇವೆ. ದನಿ ತೀರಾ ಕೀಚಲು. ಸಕಾರ, ಶಕಾರ ಬಂದಲ್ಲೆಲ್ಲ ಒಡೆಯುತ್ತದೆ. ಮಟ್ಟ ಇಳಿಸಿದರೆ ದನಿ ಸಣ್ಣದಾಗುತ್ತದೆಯೇ ಹೊರತು ಕೀಚಲು ಹೋಗುವುದಿಲ್ಲ. ಯಾಕೆ?

ಉತ್ತರ: ನಿಮ್ಮ ರಿಪೀಟರಿನಲ್ಲಿ ಪ್ರಿ-ಎಂಫಸಿಸ್ ಎರಡು ಸಲ ಆಗುತ್ತಿದೆ. ಎಫ್‌ಎಂ ಸೆಟ್ಟುಗಳು ಮೈಕಿನ ದನಿಯಲ್ಲಿ ಮೇಲಿನ ಆವರ್ತನಗಳನ್ನು ಆಕ್ಟೇವಿಗೆ 6 ಡೆಸಿಬೆಲ್‌ನಂತೆ ಎತ್ತಿ ಕಳಿಸುತ್ತವೆ, ಇದೇ ಪ್ರಿ-ಎಂಫಸಿಸ್. ರಿಸೀವರ್ ಅದನ್ನು ಅಷ್ಟೇ ಇಳಿಸಿ ಸ್ಪೀಕರಿಗೆ ಕೊಡುತ್ತದೆ, ಇದು ಡಿ-ಎಂಫಸಿಸ್. 300ರಿಂದ 3000 ಹರ್ಟ್ಸ್‌ವರೆಗೆ ಲೆಕ್ಕ ಹಾಕಿದರೆ ಈ ಏರಿಕೆ 20 ಡೆಸಿಬೆಲ್, ಅಂದರೆ ವೋಲ್ಟೇಜಿನಲ್ಲಿ ಹತ್ತು ಪಟ್ಟು. 4ನೇ ಪಿನ್ನಿನಲ್ಲಿರುವುದು ಡಿಸ್ಕ್ರಿಮಿನೇಟರ್ ಆಡಿಯೋ, ಅಂದರೆ ರೇಡಿಯೋ ಸಿಗ್ನಲ್ಲಿನಿಂದ ಆಗಷ್ಟೇ ಬೇರ್ಪಡಿಸಿದ ಕಚ್ಚಾ ದನಿ. ಅಲ್ಲಿ ಇಳಿಕೆ ಇನ್ನೂ ಆಗಿಲ್ಲ, ಮಾತಾಡುವವರ ಸೆಟ್ ಎತ್ತಿ ಕಳಿಸಿದ ದನಿ ಹಾಗೆಯೇ ಇರುತ್ತದೆ. ಅದನ್ನು ನೀವು ಮೈಕ್ ಪಿನ್ನಿಗೆ ಕೊಟ್ಟಾಗ ನಿಮ್ಮ ಟ್ರಾನ್ಸ್‌ಮಿಟರ್ ಇನ್ನೊಮ್ಮೆ ಎತ್ತುತ್ತದೆ. ಸಕಾರದಲ್ಲಿ 2000 ಹರ್ಟ್ಸ್‌ಗಿಂತ ಮೇಲಿನ ಅಂಶವೇ ಹೆಚ್ಚಾದ್ದರಿಂದ ಅದು ನೇರವಾಗಿ ಲಿಮಿಟರಿಗೆ (ಮಿತಿ ಮೀರಿದ ಮಟ್ಟವನ್ನು ಕತ್ತರಿಸುವ ಹಂತ) ಹೊಡೆದು ಕತ್ತರಿಸಿಹೋಗುತ್ತದೆ. ನೀವು ಕೇಳುತ್ತಿರುವ ಒಡಕು ಅದೇ.

ಈ ಸಾಕೆಟ್ಟಿನ ಪಿನ್ನುಗಳನ್ನು ಒಮ್ಮೆ ಬರೆದಿಟ್ಟುಕೊಳ್ಳಿ. 1 ಡೇಟಾ ಒಳಗೆ, 2 ಗ್ರೌಂಡ್, 3 ಪಿಟಿಟಿ (ಪ್ರಸಾರ ಆನ್ ಮಾಡುವ ಸಂಕೇತ), 4 ಡಿಸ್ಕ್ರಿಮಿನೇಟರ್ ಆಡಿಯೋ (9600 ಬಾಡ್‌ನದು), 5 ಡಿ-ಎಂಫಸಿಸ್ ಆದ ಆಡಿಯೋ (1200 ಬಾಡ್‌ನದು), 6 ಸ್ಕ್ವೆಲ್ಚ್ (ಸಿಗ್ನಲ್ ಇಲ್ಲದಾಗ ದನಿ ಮುಚ್ಚುವ ವ್ಯವಸ್ಥೆ) ಸಂಕೇತ. ಒಳಬರುವ 1ನೇ ಪಿನ್ನಿನ ನಡತೆ ಮೆನುವಿನಲ್ಲಿ ಯಾವ ಡೇಟಾ ವೇಗ (ಬಾಡ್) ಆರಿಸಿದ್ದೀರಿ ಎಂಬುದರ ಮೇಲೆ ನಿಲ್ಲುತ್ತದೆ. 1200 ಇಟ್ಟರೆ ಪ್ರಿ-ಎಂಫಸಿಸ್ ಇರುವ ದಾರಿ, 9600 ಇಟ್ಟರೆ ನೇರ ಮಾಡ್ಯುಲೇಟರಿನ ದಾರಿ. ಎಷ್ಟೋ ಸೆಟ್ಟುಗಳ ಮ್ಯಾನುಯಲ್ಲಿನಲ್ಲಿ 1200ಕ್ಕೆ 40 ಮಿಲಿವೋಲ್ಟ್, 9600ಕ್ಕೆ 2 ವೋಲ್ಟ್ ಪೀಕ್-ಟು-ಪೀಕ್ ಎಂದಿರುತ್ತದೆ. ಎರಡಕ್ಕೂ ನಡುವೆ 50 ಪಟ್ಟು ಅಂತರ! ಮೆನು ಬದಲಿಸಿದ ಮೇಲೆ ದನಿಯೇ ಮಾಯವಾಯಿತು ಎಂದು ಬರೆದವರ ಸಮಸ್ಯೆಯೂ ಬಹುತೇಕ ಇದೇ ಇರಬೇಕು. ನಿಮ್ಮ ಸೆಟ್ಟಿನ ಮ್ಯಾನುಯಲ್ಲಿನಲ್ಲಿ ಅಂಕಿಗಳನ್ನು ನೋಡಿಯೇ ಮುಂದುವರಿಯಿರಿ.

ಸರಿಯಾದ ಜೋಡಿಗಳು ಎರಡೇ. ಒಂದು, ರಿಸೀವರಿನ 5ನೇ ಪಿನ್ನಿನಿಂದ ಟ್ರಾನ್ಸ್‌ಮಿಟರಿನ 1ನೇ ಪಿನ್ನಿಗೆ, ಮೆನು 1200ರಲ್ಲಿ. ಇಲ್ಲಿ ಹೊರಬರುವುದು ಸುಮಾರು 300ರಿಂದ 500 ಮಿಲಿವೋಲ್ಟ್, ಬೇಕಾದದ್ದು 40. ಸಾಲಿನಲ್ಲಿ 10 ಕಿಲೋಓಮ್, ಗ್ರೌಂಡಿಗೆ 1 ಕಿಲೋಓಮ್ ಹಾಕಿದರೆ ಹತ್ತಿರದ ಮಟ್ಟಕ್ಕೆ ಬರುತ್ತದೆ. ಆಮೇಲೆ ಪ್ರೀಸೆಟ್ ನಡುಭಾಗದಲ್ಲೇ ಕೆಲಸ ಮಾಡುತ್ತದೆ, ಕೊನೆಯ ಚೂರಿನಲ್ಲಿ ಒದ್ದಾಡುವುದಿಲ್ಲ. ಎರಡು, 4ನೇ ಪಿನ್ನಿನಿಂದ 1ನೇ ಪಿನ್ನಿಗೆ, ಮೆನು 9600ರಲ್ಲಿ. ಇಲ್ಲಿ ತಿರುಗುಮುರುಗು: ಹೊರಬರುವುದು ಸುಮಾರು 500 ಮಿಲಿವೋಲ್ಟ್, ಬೇಕಾದದ್ದು 2 ವೋಲ್ಟ್. ನಾಲ್ಕು ಪಟ್ಟು ಹೆಚ್ಚಿಸಲು ಟಿಎಲ್072 ಆಪ್ ಆಂಪ್‌ನ ಒಂದು ಭಾಗ ಸಾಕು. ಫೀಡ್‌ಬ್ಯಾಕಿಗೆ 33 ಕಿಲೋಓಮ್, ಇನ್ವರ್ಟಿಂಗ್ ಪಿನ್ನಿನಿಂದ ಗ್ರೌಂಡಿನ ಕಡೆಗೆ 10 ಕಿಲೋಓಮ್ ಹಾಗೂ ಅದರ ಸಾಲಿನಲ್ಲಿ 10 ಮೈಕ್ರೋಫ್ಯಾರಡ್. ಒಂದೇ 12 ವೋಲ್ಟ್ ಸಪ್ಲೈ ಆದ್ದರಿಂದ ನಾನ್‌-ಇನ್ವರ್ಟಿಂಗ್ ಪಿನ್ನನ್ನು 6 ವೋಲ್ಟಿಗೆ ಬಯಾಸ್ ಮಾಡಲೇಬೇಕು. ಕೈಗೆ ಸಿಕ್ಕಿತೆಂದು ಎಲ್‌ಎಂ358 ಹಾಕಬೇಡಿ. ಅದರ ಔಟ್‌ಪುಟ್‌ನಲ್ಲಿ ಕ್ರಾಸೋವರ್ ಡಿಸ್ಟಾರ್ಶನ್ ಇದೆ, ಕೆಪಾಸಿಟರ್ ಮೂಲಕ ಲೋಡ್ ಕೊಟ್ಟಾಗ ಸಣ್ಣ ದನಿ ಒರಟಾಗಿ ಕೇಳುತ್ತದೆ.

ಎರಡನೇ ಜೋಡಿಯಲ್ಲಿ ದನಿ ಹೆಚ್ಚು ಸಹಜ, ನಮ್ಮ ಒಲವೂ ಅದರ ಕಡೆಗೇ. ಆದರೆ ಅದಕ್ಕೆ ಶಿಸ್ತು ಬೇಕು. ಡಿಸ್ಕ್ರಿಮಿನೇಟರ್ ಆಡಿಯೋಗೆ ಸ್ಕ್ವೆಲ್ಚ್ ಇಲ್ಲ, ಸಿಗ್ನಲ್ ಇಲ್ಲದಾಗ ಅಲ್ಲಿ ಮಾತಿಗಿಂತ ಜೋರಾದ ಸೂಸಾಟ ಇರುತ್ತದೆ. 9600ರ ದಾರಿ ಸೆಟ್ಟಿನ ಲಿಮಿಟರನ್ನು ದಾಟಿ ಹೋಗುವುದೂ ಉಂಟು. ಹಾಗಾಗಿ ಸ್ಕ್ವೆಲ್ಚ್ ಗೇಟು, ಲಿಮಿಟರ್ ಎರಡೂ ನಿಮ್ಮ ಕಂಟ್ರೋಲರಿನಲ್ಲಿ (ಎರಡು ಸೆಟ್ಟುಗಳ ನಡುವೆ ಕೂತು ರಿಪೀಟರನ್ನು ನಡೆಸುವ ಸರ್ಕ್ಯೂಟು) ಇಲ್ಲವಾದರೆ ಮೊದಲ ಜೋಡಿಯೇ ಕ್ಷೇಮ.

ಈಗಿನ ವೈರಿಂಗನ್ನೇ ಉಳಿಸಿಕೊಳ್ಳಬೇಕೆಂದರೆ 4ನೇ ಪಿನ್ನಿನ ದಾರಿಯಲ್ಲಿ 7.5 ಕಿಲೋಓಮ್, ಅದರ ಮುಂದೆ ಗ್ರೌಂಡಿಗೆ 0.1 ಮೈಕ್ರೋಫ್ಯಾರಡ್ ಹಾಕಿ. ಇದು 750 ಮೈಕ್ರೋಸೆಕೆಂಡ್ ಡಿ-ಎಂಫಸಿಸ್, 212 ಹರ್ಟ್ಸ್‌ನಿಂದ ಇಳಿಕೆ ಶುರು. 1000 ಹರ್ಟ್ಸ್‌ನಲ್ಲಿ ಸುಮಾರು 14 ಡೆಸಿಬೆಲ್ ನಷ್ಟವಾಗುತ್ತದೆ, ಮೈಕ್ ಪಿನ್ನಿಗೆ ಹೇಗೂ ಕಡಿಮೆ ಮಟ್ಟ ಬೇಕಾದ್ದರಿಂದ ಅದು ತೊಂದರೆಯಲ್ಲ. ಕೆಪಾಸಿಟರಿನ ನಂತರ ಬರುವ ಲೋಡ್ ಮಾತ್ರ 75 ಕಿಲೋಓಮ್‌ಗಿಂತ ಕಡಿಮೆ ಇರಕೂಡದು, ಕಡಿಮೆಯಾದರೆ ಇಳಿಜಾರೇ ಬದಲಾಗುತ್ತದೆ. ಅಷ್ಟು ಸಿಗದಿದ್ದರೆ ನಡುವೆ ಟಿಎಲ್072 ಬಫರ್ ಇರಲಿ. ಮೈಕ್ ಪಿನ್ನಿನಲ್ಲಿ ಎಲೆಕ್ಟ್ರೆಟ್ ಮೈಕಿಗಾಗಿ ಡಿಸಿ ವೋಲ್ಟೇಜ್ ಇರುತ್ತದೆ, ಅದನ್ನು ತಡೆಯುವ 1 ಮೈಕ್ರೋಫ್ಯಾರಡ್ ಮರೆಯಬೇಡಿ.

ಪರೀಕ್ಷೆ ಹೀಗೆ: ರಿಸೀವರಿಗೆ 500, 1000, 2000 ಹರ್ಟ್ಸ್ ಟೋನ್‌ಗಳನ್ನು ಒಂದೊಂದಾಗಿ, ಮೂರರಲ್ಲೂ 1 ಕಿಲೋಹರ್ಟ್ಸ್ ಡೀವಿಯೇಶನ್ (ದನಿಯಿಂದಾಗಿ ಪ್ರಸಾರದ ಆವರ್ತನ ಅತ್ತಿತ್ತ ಸರಿಯುವ ಪ್ರಮಾಣ) ಇಟ್ಟು ಕೊಡಿ. ಹೊರಗೆ ಮೂರೂ ಸಮನಾಗಿ ಬಂದರೆ ವೈರಿಂಗ್ ಸರಿ. ಅರ್ಧ, ಒಂದು, ಎರಡು ಎಂದು ಏರುತ್ತಾ ಹೋದರೆ ಪ್ರಿ-ಎಂಫಸಿಸ್ ಹೆಚ್ಚಾಗಿದೆ. ಎರಡು, ಒಂದು, ಅರ್ಧ ಎಂದು ಇಳಿದರೆ ಇಳಿಕೆ ಹೆಚ್ಚಾಗಿದೆ. ಎರಡನೆಯ ತಪ್ಪು 5ನೇ ಪಿನ್ನನ್ನು 9600ರ ದಾರಿಗೆ ಕೊಟ್ಟವರಿಗೆ ಆಗುತ್ತದೆ, ಅವರ ದನಿ ಬಾಯಿಗೆ ಬಟ್ಟೆ ಕಟ್ಟಿ ಮಾತಾಡಿದಂತೆ ಕೇಳುತ್ತದೆ. ಸಾಧಾರಣ ಮಲ್ಟಿಮೀಟರಿನ ಎಸಿ ರೇಂಜು ಕೆಲವು ನೂರು ಹರ್ಟ್ಸ್ ದಾಟಿದರೆ ಸುಳ್ಳು ಹೇಳುತ್ತದೆ, ಈ ಅಳತೆಗೆ ಆಸಿಲೋಸ್ಕೋಪನ್ನೇ ಬಳಸಿ.

ಪ್ರಶ್ನೆ: ಮಾತು ಸ್ಪಷ್ಟವಾಗಿದೆ, ಆದರೆ ಹಿಂದೆ ಸದಾ ಗುಂಯ್ ಎನ್ನುವ ಹಮ್. ಪವರ್ 10 ವಾಟ್‌ಗೆ ಇಳಿಸಿದರೆ ಹಮ್ ಕೂಡ ಇಳಿಯುತ್ತದೆ. ಶೀಲ್ಡ್ ವೈರ್ ಬದಲಿಸಿದರೂ ಪ್ರಯೋಜನವಾಗಿಲ್ಲ.

ಉತ್ತರ: ಪವರ್ ಜೊತೆ ಹಮ್ ಇಳಿಯುತ್ತದೆ ಎಂದ ಮೇಲೆ ಕಾರಣ ಟ್ರಾನ್ಸ್‌ಮಿಟರ್ ಎಳೆಯುವ ಕರೆಂಟು. 50 ವಾಟ್ ಸೆಟ್ ಸುಮಾರು 10 ಆಂಪಿಯರ್ ಎಳೆಯುತ್ತದೆ ಎನ್ನೋಣ. ನೆಗೆಟಿವ್ ತಂತಿ, ಫ್ಯೂಸು, ಕನೆಕ್ಟರು ಎಲ್ಲ ಸೇರಿ ಬರೀ 10 ಮಿಲಿಓಮ್ ಇದ್ದರೂ ಅದರ ಮೇಲೆ 100 ಮಿಲಿವೋಲ್ಟ್ ಬೀಳುತ್ತದೆ. ಕಂಟ್ರೋಲರಿನ ಗ್ರೌಂಡು ಬೇರೆ ಕಡೆ ಜೋಡಿಸಿದ್ದರೆ ಈ 100 ಮಿಲಿವೋಲ್ಟು ಎರಡು ಗ್ರೌಂಡುಗಳ ನಡುವೆ ಕಾಣಿಸಿಕೊಳ್ಳುತ್ತದೆ. ಕರೆಂಟಿನ ಜೊತೆ ಬರುವ ರಿಪಲ್ ಇದರಲ್ಲಿ ಸಣ್ಣ ಪಾಲಾದರೂ ನಿಮ್ಮ ಆಡಿಯೋ 40 ಮಿಲಿವೋಲ್ಟ್ ಮಾತ್ರ ಇರುವಾಗ ಅದು ಚೆನ್ನಾಗಿಯೇ ಕೇಳುತ್ತದೆ.

ಪಿಟಿಟಿ ಒತ್ತಿಸಿ, ಟ್ರಾನ್ಸ್‌ಮಿಟರಿನ ಛಾಸಿಗೂ ಕಂಟ್ರೋಲರಿನ ಗ್ರೌಂಡಿಗೂ ನಡುವೆ ಡಿಸಿ ಮಿಲಿವೋಲ್ಟ್ ಅಳೆಯಿರಿ. ಕೆಲವೇ ಮಿಲಿವೋಲ್ಟ್ ಇರಬೇಕು. ಹತ್ತಾರು ಇದ್ದರೆ ಎರಡೂ ಸೆಟ್ ಮತ್ತು ಕಂಟ್ರೋಲರಿನ ನೆಗೆಟಿವ್‌ಗಳನ್ನು ಪವರ್ ಸಪ್ಲೈನ ಒಂದೇ ಬೋಲ್ಟಿಗೆ, ಬೇರೆ ಬೇರೆ ತಂತಿಯಲ್ಲಿ ತನ್ನಿ. ಟ್ರಾನ್ಸ್‌ಮಿಟರಿನ ತಂತಿ ದಪ್ಪಗಿರಲಿ, ಗಿಡ್ಡಗಿರಲಿ. ಇಷ್ಟಕ್ಕೂ ಹೋಗದಿದ್ದರೆ ಆಡಿಯೋ ದಾರಿಯಲ್ಲಿ 600 ಓಮ್ 1:1 ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಿ, ಅದರ ಎರಡು ಬದಿಯ ಗ್ರೌಂಡುಗಳನ್ನು ಬೆಸೆಯದೆ ಬಿಡಿ. ಚಿಕ್ಕ ಟ್ರಾನ್ಸ್‌ಫಾರ್ಮರುಗಳು 100 ಹರ್ಟ್ಸ್ ಕೆಳಗೆ ಸೋಲುತ್ತವೆ, ಅದರ ಮೂಲಕ ಸಬ್‌ಟೋನ್ (ಸ್ಕ್ವೆಲ್ಚ್ ತೆರೆಸಲು ಮಾತಿನ ಜೊತೆ ಸದಾ ಹೋಗುವ ಕೆಳ ಆವರ್ತನದ ಟೋನ್) ಕಳಿಸುವ ಯೋಚನೆ ಬೇಡ.

ಒಂದು ಎಚ್ಚರಿಕೆ. ಗ್ರೌಂಡ್ ಲೂಪ್ ಕಡಿಯುವ ಉತ್ಸಾಹದಲ್ಲಿ ಡಿಸಿ ನೆಗೆಟಿವ್ ತಂತಿ ಬಿಚ್ಚಬೇಡಿ. ಬಿಚ್ಚಿದರೆ ಆ 10 ಆಂಪಿಯರ್ ಆಡಿಯೋ ವೈರಿನ ತೆಳು ಶೀಲ್ಡಿನಲ್ಲಿ ಹರಿದು ವೈರು ಸುಟ್ಟುಹೋಗುತ್ತದೆ, ಜೊತೆಗೆ ಕಂಟ್ರೋಲರಿನ ಗ್ರೌಂಡ್ ಟ್ರ್ಯಾಕ್ ಕೂಡ.

ಪ್ರಶ್ನೆ: ಕ್ಷೀಣ ಸ್ಟೇಷನ್ನುಗಳು ಬಂದಾಗ ಕರಕರ ಶಬ್ದ. ಎಲ್ಲ ಬೆಸುಗೆಗಳನ್ನೂ ಮತ್ತೆ ಮಾಡಿದೆವು. ಆಡಿಯೋ ಕೇಬಲ್ಲಿನ ದೋಷವೇ?

ಉತ್ತರ: ಅನಿಸುವುದಿಲ್ಲ. ಆಡಿಯೋ ವೈರಿಂಗಿನ ದೋಷ ಸಿಗ್ನಲ್ ಬಲ ನೋಡಿ ಬರುವುದಿಲ್ಲ. ಕ್ಷೀಣ ಸ್ಟೇಷನ್ನಿಗೆ ಮಾತ್ರ ಕರಕರ ಎಂದರೆ ನಿಮ್ಮ ಟ್ರಾನ್ಸ್‌ಮಿಟರೇ ನಿಮ್ಮ ರಿಸೀವರನ್ನು ಕಿವುಡು ಮಾಡುತ್ತಿದೆ, ಅಂದರೆ ಡಿಸೆನ್ಸ್. ಖಚಿತ ಮಾಡಿಕೊಳ್ಳಲು ರಿಸೀವರಿನ ಸ್ವಂತ ಸ್ಪೀಕರಿನಲ್ಲಿ ಒಂದು ಕ್ಷೀಣ ಸಿಗ್ನಲ್ ಕೇಳುತ್ತಾ ಟ್ರಾನ್ಸ್‌ಮಿಟರನ್ನು ಆನ್, ಆಫ್ ಮಾಡಿಸಿ. ಆನ್ ಆದಾಗ ಅಲ್ಲೇ ಸೂಸಾಟ ಏರಿದರೆ ಆಡಿಯೋ ತಂತಿಗಳನ್ನು ಮುಟ್ಟುವ ಅಗತ್ಯವಿಲ್ಲ. ಬಳಿಕ ಡುಪ್ಲೆಕ್ಸರಿನ (ಒಂದೇ ಆಂಟೆನಾವನ್ನು ಟ್ರಾನ್ಸ್‌ಮಿಟರ್, ರಿಸೀವರ್ ಎರಡಕ್ಕೂ ಹಂಚುವ ಫಿಲ್ಟರ್) ಆಂಟೆನಾ ಬದಿಗೆ ಡಮ್ಮಿ ಲೋಡ್ (ಆಂಟೆನಾ ಬದಲು ಪವರ್ ಹೀರುವ ರೆಸಿಸ್ಟರ್) ಹಾಕಿ, ಕ್ಷೀಣ ಸಿಗ್ನಲನ್ನು ಕಪ್ಲರ್ ಮೂಲಕ ಒಳಗೆ ಬಿಡಿ. ಡಮ್ಮಿ ಲೋಡಿನಲ್ಲಿ ಸರಿಹೋದರೆ ದೋಷ ಆಂಟೆನಾ, ಫೀಡರ್, ಟವರಿನ ಸಡಿಲ ಲೋಹದ ಭಾಗಗಳಲ್ಲಿ. ಸರಿಹೋಗದಿದ್ದರೆ ಡುಪ್ಲೆಕ್ಸರ್ ಟ್ಯೂನಿಂಗ್ ಮತ್ತು ಜಂಪರ್ ಕೇಬಲ್ ನೋಡಿ. ಜಂಪರುಗಳಿಗೆ ಎರಡು ಪದರ ಬೆಳ್ಳಿ ಲೇಪಿತ ಹೆಣಿಗೆಯ ಆರ್‌ಜಿ-223 ಅಥವಾ ಆರ್‌ಜಿ-400 ಬಳಸಿ. ಅಲ್ಯುಮಿನಿಯಂ ಫಾಯಿಲಿನ ಮೇಲೆ ತಾಮ್ರದ ಹೆಣಿಗೆ ಇರುವ ಕೇಬಲ್ಲು ಡುಪ್ಲೆಕ್ಸ್ ಕೆಲಸದಲ್ಲಿ ತಾನೇ ಕರಕರ ಹುಟ್ಟಿಸುತ್ತದೆ.

ಪ್ರಶ್ನೆ: ರಿಪೀಟರ್ 88.5 ಹರ್ಟ್ಸ್ ಟೋನ್ ಕಳಿಸುತ್ತದೆ. ರಿಸೀವ್ ಟೋನ್ ಸ್ಕ್ವೆಲ್ಚ್ ಹಾಕಿಕೊಂಡವರಿಗೆ ಕೆಲವು ಸೆಕೆಂಡಿಗೊಮ್ಮೆ ಮಾತು ಕತ್ತರಿಸಿಹೋಗುತ್ತದೆ. ಟೋನ್ ಸ್ಕ್ವೆಲ್ಚ್ ತೆಗೆದರೆ ಎಲ್ಲ ಸರಿ. ಟೋನ್ ಮಟ್ಟ ಏರಿಸಿದರೂ ಹೀಗೆಯೇ.

ಉತ್ತರ: ನಿಮ್ಮ ರಿಪೀಟರಿನಿಂದ ಒಂದಲ್ಲ, ಎರಡು 88.5 ಹರ್ಟ್ಸ್ ಟೋನ್ ಹೊರಡುತ್ತಿವೆ. ಮಾತಾಡುವವರ ಸೆಟ್ ಕಳಿಸಿದ ಟೋನ್ ಡಿಸ್ಕ್ರಿಮಿನೇಟರ್ ಆಡಿಯೋ ಜೊತೆಗೇ ದಾಟಿ ಹೋಗುತ್ತಿದೆ, ಅದರ ಮೇಲೆ ಕಂಟ್ರೋಲರ್ ತನ್ನದನ್ನೂ ಸೇರಿಸುತ್ತಿದೆ. ಎರಡರ ನಡುವೆ 0.2 ಹರ್ಟ್ಸ್ ವ್ಯತ್ಯಾಸ ಇದ್ದರೂ ಸಾಕು, 5 ಸೆಕೆಂಡಿಗೊಮ್ಮೆ ಒಂದನ್ನೊಂದು ಹೊಡೆದುಹಾಕುತ್ತವೆ. ಆ ಗಳಿಗೆಯಲ್ಲಿ ಡಿಕೋಡರಿಗೆ ಟೋನ್ ಇಲ್ಲ, ಮಾತು ಕಟ್. ಮಾತಾಡುವವರು ಬದಲಾದಾಗ ಕಡಿತದ ಅಂತರವೂ ಬದಲಾಗುತ್ತಿದ್ದರೆ ಇದೇ ಎಂದು ತಿಳಿಯಿರಿ.

ಮಾತಿನ ದಾರಿಯಲ್ಲಿ 300 ಹರ್ಟ್ಸ್ ಹೈಪಾಸ್ ಫಿಲ್ಟರ್ ಹಾಕಿ. ಟೋನ್ ಡಿಕೋಡರಿಗೆ ಹೋಗುವ ತಂತಿಯನ್ನು ಫಿಲ್ಟರಿಗಿಂತ ಮೊದಲೇ ಕವಲೊಡೆಸಬೇಕು. ಒಂದು ರೆಸಿಸ್ಟರ್, ಒಂದು ಕೆಪಾಸಿಟರಿನ ಫಿಲ್ಟರ್ 88.5 ಹರ್ಟ್ಸ್‌ನಲ್ಲಿ 11 ಡೆಸಿಬೆಲ್ ಮಾತ್ರ ಇಳಿಸುತ್ತದೆ, 203.5 ಹರ್ಟ್ಸ್ ಟೋನಿಗಾದರೆ ಬರೀ 5. ಆಪ್ ಆಂಪ್ ಬಳಸಿದ ಐದನೇ ಅಥವಾ ಆರನೇ ಆರ್ಡರ್ ಫಿಲ್ಟರೇ ಬೇಕು. ಕಂಟ್ರೋಲರಿನ ಟೋನನ್ನು ಮೈಕ್ ಪಿನ್ನಿಗೆ ಕೊಡಬೇಡಿ, ಆ ದಾರಿ 300 ಹರ್ಟ್ಸ್ ಕೆಳಗಿನದನ್ನು ಕತ್ತರಿಸುತ್ತದೆ. ಸೆಟ್ಟಿನ ಟೋನ್ ಇನ್‌ಪುಟ್ಟಿಗೋ ಫ್ಲ್ಯಾಟ್ ಇನ್‌ಪುಟ್ಟಿಗೋ ಕೊಡಿ. ಜೋಡಣೆಯ ಕೆಪಾಸಿಟರನ್ನೂ ಗಮನಿಸಿ: 10 ಕಿಲೋಓಮ್ ಇನ್‌ಪುಟ್ಟಿಗೆ 1 ಮೈಕ್ರೋಫ್ಯಾರಡ್ ಇದ್ದರೆ 16 ಹರ್ಟ್ಸ್‌ನಿಂದ ಎಲ್ಲ ದಾಟುತ್ತದೆ, 0.1 ಇದ್ದರೆ 159 ಹರ್ಟ್ಸ್ ಕೆಳಗೆ ಸೊರಗುತ್ತದೆ.

ಪ್ರಶ್ನೆ: ರಿಸೀವರ್ ಸೆಟ್ಟಿನ ಹೊರ ಸ್ಪೀಕರ್ ತಂತಿಯಿಂದ ಆಡಿಯೋ ತೆಗೆದೆವು. ಮೈನಸ್ ತಂತಿಯನ್ನು ಗ್ರೌಂಡಿಗೆ ಹಾಕಿದ ಮೇಲೆ ಆಡಿಯೋ ಪೂರ್ತಿ ಸತ್ತಿದೆ.

ಉತ್ತರ: ಆ ಸ್ಪೀಕರ್ ಆಂಪ್ಲಿಫೈಯರ್ ಬ್ರಿಡ್ಜ್ ಮಾದರಿಯದು. ಅಲ್ಲಿ ಎರಡೂ ತಂತಿಗಳು ಅರ್ಧ ಸಪ್ಲೈ ವೋಲ್ಟೇಜಿನಲ್ಲಿರುತ್ತವೆ, ಯಾವುದೂ ಗ್ರೌಂಡ್ ಅಲ್ಲ. ಮೈನಸ್ಸನ್ನು ಗ್ರೌಂಡಿಗೆ ಮುಟ್ಟಿಸಿದರೆ ಔಟ್‌ಪುಟ್ ಐಸಿ ಸುಡಬಹುದು. ಮೊದಲು ತಂತಿ ಬಿಡಿಸಿ, ಸ್ಪೀಕರ್ ಹಾಕಿ ನೋಡಿ. ಎರಡೂ ತಂತಿಗಳಲ್ಲಿ ಛಾಸಿಗೆ ಹೋಲಿಸಿದರೆ ಸುಮಾರು 6 ವೋಲ್ಟ್ ಸಮನಾಗಿ ಸಿಗದಿದ್ದರೆ ಐಸಿ ಬದಲಿಸಬೇಕು. ಇನ್ನು ಮುಂದೆ ಸ್ಪೀಕರಿನಿಂದ ರಿಪೀಟರ್ ಆಡಿಯೋ ತೆಗೆಯುವುದನ್ನೇ ಬಿಟ್ಟುಬಿಡಿ. ಯಾರಾದರೂ ಧೂಳು ಒರೆಸುವಾಗ ವಾಲ್ಯೂಮ್ ಗುಂಡಿ ಸರಿದರೂ ರಿಪೀಟರಿನ ಡೀವಿಯೇಶನ್ ಬದಲಾಗುತ್ತದೆ. ಹಿಂಬದಿ ಸಾಕೆಟ್ಟಿನಲ್ಲಿ ವಾಲ್ಯೂಮಿಗೆ ಸಂಬಂಧವಿಲ್ಲದ ಆಡಿಯೋ ಪಿನ್ ಇದ್ದರೆ ಅದನ್ನೇ ಹಿಡಿಯಿರಿ.

ಪ್ರಶ್ನೆ: 25 ವಾಟ್‌ವರೆಗೆ ದನಿ ಶುದ್ಧ. ಅದಕ್ಕಿಂತ ಮೇಲೆ ಹೋದರೆ ಬಿರ್ರೆನ್ನುವ ಶಬ್ದ ಬೆರೆಯುತ್ತದೆ. ಆಡಿಯೋ ತಂತಿಗೆ 0.001 ಮೈಕ್ರೋಫ್ಯಾರಡ್ ಹಾಕಿದರೂ ಕಡಿಮೆಯಾಗಿಲ್ಲ.

ಉತ್ತರ: ಗ್ರೌಂಡಿನ ಮಿಲಿವೋಲ್ಟ್ ಅಳತೆ ಸರಿಯಿದ್ದರೆ ಇದು ಆಡಿಯೋ ಹಂತಕ್ಕೆ ನುಗ್ಗುತ್ತಿರುವ ಟ್ರಾನ್ಸ್‌ಮಿಟರಿನದೇ ರೇಡಿಯೋ ಶಕ್ತಿ, ಅಂದರೆ ಆರ್‌ಎಫ್. ಆಂಟೆನಾ ಬದಲು ಡಮ್ಮಿ ಲೋಡ್ ಹಾಕಿದಾಗ ಶಬ್ದ ತಗ್ಗಿದರೆ ಅನುಮಾನವೇ ಬೇಡ. ಕೆಪಾಸಿಟರಿನ ಬೆಲೆ ದೊಡ್ಡದಾದಷ್ಟೂ ಒಳ್ಳೆಯದೆಂಬ ನಂಬಿಕೆ ವಿಎಚ್‌ಎಫ್‌ನಲ್ಲಿ ಕೈಕೊಡುತ್ತದೆ. ಕೆಪಾಸಿಟರಿನ ಕಾಲುಗಳಲ್ಲಿ 10 ನ್ಯಾನೋಹೆನ್ರಿ ಇಂಡಕ್ಟೆನ್ಸ್ ಇದೆಯೆಂದುಕೊಳ್ಳಿ. ಆಗ 0.001 ಮೈಕ್ರೋಫ್ಯಾರಡ್ 50 ಮೆಗಾಹರ್ಟ್ಸ್ ಸುಮಾರಿಗೆ ರೆಸೊನೆನ್ಸ್‌ಗೆ ಬಂದು, ಅದಕ್ಕಿಂತ ಮೇಲೆ ಕಾಯಿಲಿನಂತೆ ವರ್ತಿಸುತ್ತದೆ. 100 ಪಿಕೋಫ್ಯಾರಡ್ ಆದರೆ ಅದು 159 ಮೆಗಾಹರ್ಟ್ಸ್ ಹತ್ತಿರ, 2 ಮೀಟರ್ ಬ್ಯಾಂಡಿಗೆ ಹೇಳಿಮಾಡಿಸಿದ್ದು. 100 ಪಿಕೋಫ್ಯಾರಡ್ ಸೆರಾಮಿಕ್ಕನ್ನು ಕಾಲು ಆದಷ್ಟು ಕತ್ತರಿಸಿ, ಕನೆಕ್ಟರಿನ ಪಿನ್ನಿನಿಂದ ಅಲ್ಲೇ ಪಕ್ಕದ ಛಾಸಿಗೆ ಬೆಸೆಯಿರಿ. ಆಡಿಯೋಗೆ ಮಾತ್ರವಲ್ಲ, ಪಿಟಿಟಿ, ಸ್ಕ್ವೆಲ್ಚ್, ಡಿಸಿ ತಂತಿಗಳಿಗೂ ಬೇಕು. ಕಂಟ್ರೋಲರ್ ಪ್ಲಾಸ್ಟಿಕ್ ಡಬ್ಬಿಯಲ್ಲಿದ್ದರೆ ಲೋಹದ ಡಬ್ಬಿಗೆ ಬದಲಿಸಿ. ಕೇಬಲ್ಲಿಗೆ ಹಾಕುವ ಫೆರೈಟ್ ಕ್ಲ್ಯಾಂಪ್ 2 ಮೀಟರಿಗೆ 43ನೇ ಮಿಶ್ರಣದ್ದು, 70 ಸೆಂಟಿಮೀಟರಿಗೆ 61ನೇ ಮಿಶ್ರಣದ್ದು ಇರಲಿ.

ಪ್ರಶ್ನೆ: ಯುಎಸ್‌ಬಿ ಸೌಂಡ್ ಡಾಂಗಲ್ ಮೂಲಕ ಕಂಪ್ಯೂಟರ್ ಕಂಟ್ರೋಲರ್ ಜೋಡಿಸಿದ್ದೇವೆ. ಮಾತು ನಿಂತೊಡನೆ ಹಿನ್ನೆಲೆ ಶಬ್ದ ಉಬ್ಬುತ್ತದೆ.

ಉತ್ತರ: ಸಿಎಂ108 ತರಹದ ಚಿಪ್ಪಿನಲ್ಲಿ ಆಟೋ ಗೇನ್ ಕಂಟ್ರೋಲ್ ಇದೆ. ಮಿಕ್ಸರ್ ಸೆಟ್ಟಿಂಗಿನಲ್ಲಿ ಅದನ್ನು ಆಫ್ ಮಾಡಿ. ಕಂಪ್ಯೂಟರ್ ಮತ್ತೆ ಶುರುವಾದಾಗ ಆಫ್ ಆಗಿಯೇ ಉಳಿಯುತ್ತದೆಯೇ ಎಂದೂ ನೋಡಿಕೊಳ್ಳಿ.

ಪ್ರಶ್ನೆ: ಸರ್ವಿಸ್ ಮಾನಿಟರ್ (ರೇಡಿಯೋ ಸೆಟ್ಟುಗಳನ್ನು ಅಳೆಯುವ ಉಪಕರಣ) ನಮ್ಮಲ್ಲಿಲ್ಲ. ಡೀವಿಯೇಶನ್ ಹೊಂದಿಸುವುದು ಹೇಗೆ? ಕಿವಿಯಿಂದಲೇ ಸಾಧ್ಯವೇ?

ಉತ್ತರ: ಕಿವಿಯನ್ನು ನಂಬಬೇಡಿ. ಒಂದು ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರಿಗೆ ಜೋಡಿಸುವ ಚಿಕ್ಕ ರೇಡಿಯೋ ರಿಸೀವರ್) ಇದ್ದರೆ ಬೆಸೆಲ್ ನಲ್ ವಿಧಾನದಿಂದ ಪ್ರಯೋಗಾಲಯದ ನಿಖರತೆ ಸಿಗುತ್ತದೆ. ಎಫ್‌ಎಂ ಸಿಗ್ನಲ್ಲಿನಲ್ಲಿ ಡೀವಿಯೇಶನ್ನು ಟೋನಿನ ಆವರ್ತನದ 2.405 ಪಟ್ಟು ಆದಾಗ ನಡುವಿನ ಕ್ಯಾರಿಯರ್ ಗೆರೆ ಪೂರ್ತಿ ಅಡಗುತ್ತದೆ. ಟೋನ್ 1247 ಹರ್ಟ್ಸ್ ಆದರೆ ಗೆರೆ ಅಡಗುವುದು ಸರಿಯಾಗಿ 3 ಕಿಲೋಹರ್ಟ್ಸ್ ಡೀವಿಯೇಶನ್ನಿನಲ್ಲಿ. 25 ಕಿಲೋಹರ್ಟ್ಸ್ ಚಾನಲ್ಲಿನಲ್ಲಿ 5 ಕಿಲೋಹರ್ಟ್ಸ್ ಗರಿಷ್ಠವಾದ್ದರಿಂದ 3 ಎನ್ನುವುದು ಪರೀಕ್ಷೆಗೆ ಒಗ್ಗುವ 60 ಶೇಕಡಾ ಮಟ್ಟ.

ಒಂದು ಹ್ಯಾಂಡಿ ಸೆಟ್ಟಿನ ಮೈಕ್ ಇನ್‌ಪುಟ್ಟಿಗೆ 1247 ಹರ್ಟ್ಸ್ ಟೋನ್ ಕೊಡಿ. ಹ್ಯಾಂಡಿಯ ಸಬ್‌ಟೋನ್ ಆಫ್ ಇರಲಿ, ಪರೀಕ್ಷೆ ಮುಗಿಯುವವರೆಗೆ ರಿಪೀಟರಿನ ಟೋನ್ ಎನ್‌ಕೋಡ್, ಡಿಕೋಡ್ ಎರಡೂ ಆಫ್ ಇರಲಿ. ಡಾಂಗಲ್ಲಿನ ಆಂಟೆನಾ ತೆಗೆದು, ಗೇನ್ ತಗ್ಗಿಸಿ. ಇಲ್ಲದಿದ್ದರೆ ಅದು ತುಂಬಿಹೋಗಿ ಇಲ್ಲದ ಗೆರೆಗಳನ್ನು ತೋರಿಸುತ್ತದೆ. ತೆರೆಯ ಮೇಲೆ 50 ಹರ್ಟ್ಸ್ ಅಥವಾ ಅದಕ್ಕಿಂತ ಸೂಕ್ಷ್ಮ ವಿಭಜನೆ ಇಡಿ. ಟೋನ್ ಮಟ್ಟವನ್ನು ಸೊನ್ನೆಯಿಂದ ನಿಧಾನವಾಗಿ ಏರಿಸುತ್ತಾ ಹೋಗಿ, ಕ್ಯಾರಿಯರ್ ಮೊದಲ ಸಲ ಅಡಗಿದ ಜಾಗದಲ್ಲಿ ನಿಲ್ಲಿಸಿ. ಈಗ ಹ್ಯಾಂಡಿ 3 ಕಿಲೋಹರ್ಟ್ಸ್ ಕಳಿಸುತ್ತಿದೆ. ಅದನ್ನು ಮುಟ್ಟದೆ, ಡಾಂಗಲ್ಲನ್ನು ರಿಪೀಟರಿನ ಔಟ್‌ಪುಟ್ ಆವರ್ತನಕ್ಕೆ ತಿರುಗಿಸಿ. ರಿಪೀಟರಿನ ಪ್ರೀಸೆಟ್ಟನ್ನೂ ಸೊನ್ನೆಯಿಂದಲೇ ಏರಿಸಿ. ಅಲ್ಲೂ ಕ್ಯಾರಿಯರ್ ಮೊದಲ ಸಲ ಅಡಗಿದಾಗ ಒಳಗೆ ಬಂದಷ್ಟೇ ಹೊರಗೆ ಹೋಗುತ್ತಿದೆ. ಸೊನ್ನೆಯಿಂದ ಏರಿಸಿ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ: ಕ್ಯಾರಿಯರ್ 5.520 ಮತ್ತು 8.654 ಪಟ್ಟಿನಲ್ಲೂ ಅಡಗುತ್ತದೆ, ಮೇಲಿನಿಂದ ಇಳಿಯುತ್ತಾ ಬಂದರೆ ಎರಡನೆಯದನ್ನು ಮೊದಲನೆಯದೆಂದು ತಿಳಿಯುವ ಅಪಾಯ ಇದೆ.

ಆ ಮೇಲಿನ ನಲ್‌ಗಳು ಸಬ್‌ಟೋನ್ ಹೊಂದಿಸಲು ಉಪಯೋಗಕ್ಕೆ ಬರುತ್ತವೆ. 88.5 ಹರ್ಟ್ಸ್ ಟೋನಿಗೆ ಎರಡನೇ ನಲ್ 489 ಹರ್ಟ್ಸ್ ಡೀವಿಯೇಶನ್ನಿನಲ್ಲಿ, ಮೂರನೆಯದು 766ರಲ್ಲಿ ಬರುತ್ತದೆ. ನಿಮಗೆ ಬೇಕಾದ 500ರಿಂದ 750 ಹರ್ಟ್ಸ್ ಸರಿಸುಮಾರು ಇವೆರಡರ ನಡುವೆಯೇ ಇದೆ. ಮಾತಿನ ಆಡಿಯೋ ತೆಗೆದು, ವಿಭಜನೆಯನ್ನು 10 ಹರ್ಟ್ಸ್‌ಗೆ ಇಳಿಸಿ, ಟೋನ್ ಏರಿಸುತ್ತಾ ಎರಡನೇ ನಲ್ ದಾಟಿಸಿ, ಮೂರನೆಯದು ಬರುವ ಮುನ್ನ ನಿಲ್ಲಿಸಿ. 12.5 ಕಿಲೋಹರ್ಟ್ಸ್ ಚಾನಲ್ಲಾದರೆ ಎಲ್ಲ ಡೀವಿಯೇಶನ್ ಅಂಕಿಗಳನ್ನೂ ಅರ್ಧಕ್ಕೆ ಇಳಿಸಿಕೊಳ್ಳಬೇಕು, ಮಾತಿನ ಪರೀಕ್ಷೆಗೆ ಟೋನ್ 624 ಹರ್ಟ್ಸ್ ಇರಲಿ. ಕೊನೆಗೆ ಆಫ್ ಮಾಡಿದ್ದ ಟೋನ್ ಎನ್‌ಕೋಡ್, ಡಿಕೋಡ್‌ಗಳನ್ನು ಮತ್ತೆ ಆನ್ ಮಾಡಿ, ಪ್ರೀಸೆಟ್ಟುಗಳ ಸ್ಥಾನಕ್ಕೆ ಒಂದು ಚುಕ್ಕೆ ಉಗುರುಬಣ್ಣ ಹಚ್ಚಿ, ಪ್ರತಿ ಹಂತದ ಪೀಕ್-ಟು-ಪೀಕ್ ವೋಲ್ಟೇಜನ್ನು ಒಂದು ಕಾಗದದಲ್ಲಿ ಬರೆದು ಡಬ್ಬಿಯ ಮುಚ್ಚಳದ ಒಳಬದಿಗೆ ಅಂಟಿಸಿ.